ದೇಚಮ್ಮನ ಎಡ ನಳಿಗೆ

ನನ್ನ ಹೆಂಡತಿಯ ಬಗ್ಗೆ ಬರೆಯಲು ನನಗಿಂತ ಕೆಟ್ಟ ಮನುಷ್ಯ ಸಿಗಲಾರ. ಇಪ್ಪತ್ತಾರು ವರ್ಷದಿಂದ ವಿರಾಜಪೇಟೆಯಿಂದ ಕುಶಾಲನಗರಕ್ಕೆ ಹೋಗುವ ಬಸ್ಸಿನಲ್ಲಿ ಸೀಟಿ ಊದುತ್ತಿರುವವನು ನಾನು, ಕಂಡಕ್ಟರ್ ಮಂದಣ್ಣ. ಜನರನ್ನು ಹತ್ತಿಸಿ ಇಳಿಸಲು ಬರುತ್ತದೆ, ಅವರನ್ನು ಕಾಗದದ ಮೇಲೆ ಕೂರಿಸಲು ಬರುವುದಿಲ್ಲ. ಆದರೆ ಈಗ ಕೂರಂಬಂಡ ದೇಚಮ್ಮ ಎಂದರೆ ಸಾಕು, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಕಟ್ಟುತ್ತಾರೆ. ಮೊನ್ನೆ ಒಬ್ಬ ಅವಳು ಹುಲಿ ಹೊಡೆದಳು ಎಂದ. ಹುಲಿಯಂತೆ, ಮಣ್ಣಂಗಟ್ಟಿ. ಅವಳು ಹೊಡೆದದ್ದು ತೆಂಗಿನಕಾಯಿ, ಅದೂ ಹತ್ತು ವರ್ಷ ಕಷ್ಟಪಟ್ಟ ಮೇಲೆ. ಇದ್ದದ್ದನ್ನು ಇದ್ದಹಾಗೆ ಹೇಳುವವರು ಯಾರಾದರೂ ಬೇಕಲ್ಲ ಎಂದು ಕೂತಿದ್ದೇನೆ.

ದೇಚು ಹೊಲಿಗೆ ಮಿಷನ್ ರಿಪೇರಿ ಮಾಡುವವಳು. ನಾಪೋಕ್ಲಿನಲ್ಲಿ ಅವಳ ತಾಯಿ ಹೊಲಿಗೆ ಕ್ಲಾಸು ನಡೆಸುತ್ತಿದ್ದರು, ಕೆಟ್ಟು ನಿಂತ ಮಿಷನ್ನುಗಳನ್ನು ಮಗಳು ಬಿಚ್ಚಿ ಜೋಡಿಸುತ್ತಿದ್ದಳು. ಮದುವೆಯಾಗಿ ಬಂದಾಗ ತಂದ ಟ್ರಂಕಿನಲ್ಲಿ ಸೀರೆಗಳ ಅಡಿ ಒಂದು ಬಟ್ಟೆಯ ಸುರುಳಿ ಇತ್ತು. ಒಡವೆ ಇರಬಹುದು ಎಂದು ನನ್ನ ಅವ್ವ ಆಸೆಯಿಂದ ಬಿಚ್ಚಿದರೆ ಒಳಗೆ ಹನ್ನೆರಡು ಸ್ಕ್ರೂಡ್ರೈವರ್. ಅವಳು ಏನು ಬಿಚ್ಚುವುದಿದ್ದರೂ ಮೊದಲು ನೆಲದ ಮೇಲೆ ಹಳೇ ಪೇಪರ್ ಹಾಸುತ್ತಾಳೆ. ಒಂದೊಂದು ಸ್ಕ್ರೂ ತೆಗೆದ ಹಾಗೆಲ್ಲ ಅದನ್ನು ಪೇಪರಿನ ಮೇಲಿಟ್ಟು, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ನಂಬರು ಬರೆಯುತ್ತಾಳೆ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಅವಳ ಉತ್ತರ ಒಂದೇ, "ನೋಡುವ." ಊಟಕ್ಕೆ ಏನು ಎಂದು ಕೇಳಿದರೂ "ನೋಡುವ."

ಇನ್ನು ನಮ್ಮ ಮನೆಯ ಕೋವಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನೂರು ವರ್ಷಕ್ಕೂ ಹಿಂದೆ ಮಾಡಿದ ಜೋಡುನಳಿಗೆ ಕೋವಿ. ಹೊರಗೆ ಕಾಣುವ ಎರಡು ಹ್ಯಾಮರು ಆಡಿನ ಕೊಂಬಿನ ಹಾಗೆ ಹಿಂದಕ್ಕೆ ಬಾಗಿವೆ. ನಳಿಗೆಗಳ ಮೇಲೆ ಸುರುಳಿ ಸುರುಳಿ ಗೆರೆ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಚಿನ್ನದಲ್ಲಿ ಕೆತ್ತಿದ ಒಂದು ಪುಟ್ಟ ಅಂಕಿ, 1. ಆ ಅಂಕಿಯ ಬಗ್ಗೆ ಮನೆಯಲ್ಲಿ ಯಾರೂ ಎಂದೂ ತಲೆ ಕೆಡಿಸಿಕೊಂಡಿರಲಿಲ್ಲ. ಕೋವಿ ನಡುಮನೆಯ ದೀಪದ ಪಕ್ಕದ ಗೋಡೆಯಲ್ಲಿರುತ್ತದೆ, ಹಬ್ಬಕ್ಕೆ ಇಳಿಯುತ್ತದೆ. ಇನ್ನೆರಡು ಕೆಲಸಕ್ಕೂ ಇಳಿಯುತ್ತದೆ. ಮನೆಯಲ್ಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಈಡು. ಯಾರಾದರೂ ತೀರಿಕೊಂಡರೆ ಎರಡು, ಒಂದರ ಹಿಂದೆ ಒಂದು, ಉಸಿರು ತೆಗೆಯುವಷ್ಟರಲ್ಲಿ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಟು ಬರುತ್ತಾರೆ.

ಹನ್ನೆರಡು ವರ್ಷದ ಹಿಂದೆ ಜನವರಿಯ ಒಂದು ಮಧ್ಯಾಹ್ನ, ಕಣದಲ್ಲಿ ಕಾಫಿ ಹರಡುತ್ತಿದ್ದ ನನ್ನ ಅವ್ವ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಆಗ ದೇಚು ತುಂಬು ಬಸುರಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸುರು ಅದು, ಊರಿಗೆ ಊರೇ ದಿನ ಎಣಿಸುತ್ತಿತ್ತು. ಅವ್ವನನ್ನು ಒಳಗೆ ತಂದು ಮಲಗಿಸಿದ ಮೇಲೆ ಅಪ್ಪ ನನ್ನ ಮುಖ ನೋಡದೆ ಹೇಳಿದರು, "ಹೋಗು, ಈಡು ಹೊಡಿ."

ಕೋವಿಗೆ ಎರಡು ತೋಟೆ ತುಂಬಿ ಅಂಗಳಕ್ಕೆ ಬಂದೆ. ಬಲಗಡೆಯದು ಢಂ ಎಂದಿತು. ಎಡಗಡೆಯದು ಟಕ್ ಎಂದಿತು, ಅಷ್ಟೆ. ಹ್ಯಾಮರನ್ನು ಮತ್ತೆ ಹಿಂದಕ್ಕೆಳೆದರೆ ಅದು ಅಲ್ಲಾಡುವ ಹಲ್ಲಿನ ಹಾಗೆ ಅತ್ತಿತ್ತ ತೂಗಿತು. ಬಲಗಡೆಗೇ ಇನ್ನೊಂದು ತೋಟೆ ಹಾಕೋಣವೆಂದರೆ ಸುಟ್ಟ ತೋಟೆ ಉಬ್ಬಿ ಒಳಗೇ ಕಚ್ಚಿಕೊಂಡಿತ್ತು. ಚಾಕುವಿನಲ್ಲಿ ಮೀಟಿದೆ, ಕೈ ಕುಯ್ದುಕೊಂಡೆ, ಬೈದೆ, ಅತ್ತೆ. ಐದಾರು ನಿಮಿಷ ಕಳೆದ ಮೇಲೆ ಎರಡನೆಯ ಈಡು ಹೊಡೆದೆ.

ಹೊಡೆಯದೇ ಇದ್ದಿದ್ದರೆ ವಾಸಿಯಿತ್ತು. ಮೊದಲ ಈಡು ಕೇಳಿದವರೆಲ್ಲ ದೇಚುವಿಗೆ ಗಂಡಾಯಿತು ಎಂದುಕೊಂಡಿದ್ದರು. ಐದು ನಿಮಿಷ ಬಿಟ್ಟು ಇನ್ನೊಂದು ಕೇಳಿದಾಗ ಅವಳಿ ಎಂದು ಲೆಕ್ಕ ಹಾಕಿದರು. ಎಲ್ಲರಿಗಿಂತ ಮೊದಲು ಓಡಿ ಬಂದದ್ದು ಪಕ್ಕದ ಮನೆಯ ಪಳಂಗಣ್ಣ. ನಮ್ಮಲ್ಲಿ ಹುಟ್ಟಿದ ಗಂಡುಕೂಸಿನ ಕೈಗೆ ಹರಳುಗಿಡದ ದಂಟಿನ ಪುಟ್ಟ ಬಿಲ್ಲು ಮುಟ್ಟಿಸುತ್ತಾರೆ. ಅವನು ಅಷ್ಟು ಹೊತ್ತಿಗೆ ಒಂದಲ್ಲ, ಎರಡು ಬಿಲ್ಲು ಕಟ್ಟಿ ತಂದಿದ್ದ. ಗೇಟಿನಿಂದಲೇ ಕೂಗಿದ, "ಅವಳಿ ಅಂತ ಒಂದು ಮಾತು ಮೊದ್ಲೇ ಹೇಳೋದಲ್ವಾ ಕಳ್ಳ. ಒಂದೇ ಬಾಟ್ಲಿ ತಂದಿದ್ದೇನೆ ನಾನು."

ಆಮೇಲೆ ಅವನು ಒಳಗೆ ನೋಡಿದ. ಕೈಯಲ್ಲಿದ್ದ ಬಿಲ್ಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡು ನಿಂತ. ಅವನ ಹಿಂದೆ ಹೆಂಗಸರು ನಗುತ್ತ ಬಂದರು. ಅವರ ಹಿಂದೆ ಇನ್ನಷ್ಟು ಜನ ನಗುತ್ತಲೇ ಬಂದರು. ಅಂಗಳ ಮುಟ್ಟಿದ ಕೂಡಲೇ ಒಬ್ಬೊಬ್ಬರ ಮುಖವೂ ಕೆಳಗೆ ಬೀಳುತ್ತಿತ್ತು. ಒಬ್ಬಳಿಗಂತೂ ಹಿಡಿದ ನಗು ನಿಲ್ಲಲೇ ಇಲ್ಲ, ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಲಿಗೆ ಓಡಿದಳು. ಜಗಲಿಯಲ್ಲಿ ಕೂತ ಅಪ್ಪ ಇದೆಲ್ಲವನ್ನೂ ನೋಡುತ್ತಿದ್ದರು.

ಮೂರನೆಯ ದಿನ ದೇಚುವಿಗೆ ಹೆಣ್ಣುಮಗು ಆಯಿತು. ನೀಲು ಎಂದು ಹೆಸರಿಟ್ಟೆವು. ಹೆಣ್ಣಿಗೆ ಈಡೂ ಇಲ್ಲ, ಬಿಲ್ಲೂ ಇಲ್ಲ. ಪಳಂಗಣ್ಣ ಬಿಟ್ಟುಹೋಗಿದ್ದ ಬಿಲ್ಲುಗಳಲ್ಲಿ ಒಂದನ್ನು ದೇಚು ಮಗಳ ಮುಷ್ಟಿಗೆ ಸಿಕ್ಕಿಸಿದಳು. ಇನ್ನೊಂದನ್ನು ಕೋವಿ ತೂಗುಹಾಕುವ ಮೊಳೆಗೆ ಕಟ್ಟಿದಳು.

ಹನ್ನೊಂದನೆಯ ದಿನದ ಕರ್ಮ ಮುಗಿದು ಎಲ್ಲರೂ ಊಟಕ್ಕೆ ಕೂತಿದ್ದಾಗ ಅಪ್ಪ ಹೇಳಿದರು, "ಮಂದಣ್ಣ, ನಾನು ಸತ್ತಾಗ ಈ ಪಳಂಗ ಮತ್ತೆ ಬಿಲ್ಲು ಹಿಡ್ಕೊಂಡು ಬಂದ್ರೆ ನಾನೇ ಎದ್ದು ಒದೀತೇನೆ."

ಪಳಂಗಣ್ಣ ತಲೆ ತಗ್ಗಿಸಿದ, ಉಳಿದವರು ನಕ್ಕರು. ಅಪ್ಪ ನಗಲಿಲ್ಲ. "ನಮ್ಮಪ್ಪ, ನಮ್ಮ ದೊಡ್ಡಪ್ಪ, ಎಲ್ರೂ ಈ ಕೋವಿಯ ಎರಡು ಸದ್ದಲ್ಲಿ ಹೋದ್ರು. ಅವಳೊಬ್ಳಿಗೆ ಆಗ್ಲಿಲ್ಲ. ಅವಳು ಸತ್ತದ್ದಕ್ಕೆ ಊರು ನಕ್ಕೊಂಡು ಬಂತು. ನನಗೆ ಹಾಗಾಗ್ಬಾರದು. ಈ ಕೋವಿಯೇ ಆಗ್ಬೇಕು, ಎರಡೂ ಆಗ್ಬೇಕು."

"ಪಳಂಗಣ್ಣನ ಕೋವಿ ತಂದು ಹೊಡೆದ್ರಾಯ್ತು ಬಿಡಿ ಅಪ್ಪ," ಎಂದೆ ನಾನು.

"ನಿನ್ನ ಮದುವೆಗೆ ಪಳಂಗನ ಪೇಟ ಕಟ್ಕೊಂಡು ಹೋಗಿದ್ಯಾ ನೀನು?"

ಬಾಣಂತಿ ಕೋಣೆಯೊಳಗಿಂದ ದೇಚುವಿನ ದನಿ ಬಂತು. "ಮಾವ, ಎಡಗಡೆದು ನಾನು ಸರಿ ಮಾಡ್ತೇನೆ. ಅಲ್ಲೀವರೆಗೆ ನೀವು ಇರ್ಬೇಕು."

"ಎಷ್ಟು ದಿನ ಇರ್ಬೇಕು?"

"ನೋಡುವ."

ತೊಂಬತ್ತು ದಿನ ಕಳೆದ ಮೇಲೆ ಕೋವಿ ಪೇಪರಿನ ಮೇಲೆ ಬಂತು. ಕೋವಿಯ ಪಕ್ಕದ ತಗಡು, ಅದರ ಒಳಗಿನ ಸ್ಪ್ರಿಂಗು, ಹಲ್ಲು, ಹೊರಗಿನ ಹ್ಯಾಮರು, ಎಲ್ಲ ಸೇರಿ ಒಂದು ಲಾಕ್. ಬಲಕ್ಕೊಂದು, ಎಡಕ್ಕೊಂದು. ಎಡ ಲಾಕಿನ ಸ್ಪ್ರಿಂಗ್ ಎರಡು ತುಂಡಾಗಿತ್ತು, ಹಲ್ಲು ಸವೆದು ನುಣ್ಣಗಾಗಿತ್ತು. ದೇಚು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಮಗುವನ್ನು ನನ್ನ ತೊಡೆಗೆ ಹಾಕಿ, ವಿರಾಜಪೇಟೆಯ ಮೊಯ್ದು ಕಾಕನ ಬಳಿ ಹೋದಳು. ಕೋವಿ ರಿಪೇರಿಗೆ ಲೈಸೆನ್ಸ್ ಇರುವ, ಎಪ್ಪತ್ತು ದಾಟಿದ ಮನುಷ್ಯ.

ಕಾಕ ಕನ್ನಡಕ ಏರಿಸಿ ನೋಡಿದರು. ಮಗಳೇ ಎನ್ನಲು ಅವರ ಮಲಯಾಳದಲ್ಲಿ ಮೋಳೇ. "ಮೋಳೇ, ಇದು ಕೈಯಲ್ಲಿ ಮಾಡಿದ್ದು. ಅಂಗಡಿಯಲ್ಲಿ ಸಿಗೋ ವಸ್ತು ಅಲ್ಲ. ಇನ್ನೊಂದು ಕೋವಿದು ತಂದು ಹಾಕಿದ್ರೂ ಕೂರೋದಿಲ್ಲ."

"ಹೊಸ್ತು ಮಾಡೋಕಾಗಲ್ವಾ ಕಾಕ?"

"ಆಗ್ತದೆ ಅಂತಲೂ ಹೇಳೋದಿಲ್ಲ, ಆಗೋದಿಲ್ಲ ಅಂತಲೂ ಹೇಳೋದಿಲ್ಲ."

ಜೀಪಿನ ಅಡಿಯ ಸ್ಪ್ರಿಂಗ್ ಪಟ್ಟೆ ಕತ್ತರಿಸಿ, ಕಾಯಿಸಿ, ಬಗ್ಗಿಸಿ ಕಾಕ ಮೊದಲ ಸ್ಪ್ರಿಂಗ್ ಮಾಡಿದರು. ಅದು ಮೆತ್ತಗಾಯಿತು, ಹ್ಯಾಮರು ಬಡಿದರೂ ತೋಟೆಗೆ ತರಚಿದ ಗಾಯ ಮಾತ್ರ. ಎರಡನೆಯದು ಗಟ್ಟಿಯಾಯಿತು. ಹ್ಯಾಮರು ಎಳೆಯುತ್ತಿದ್ದ ಹಾಗೇ ಸಿಡಿದು ಒಂದು ತುಂಡು ನನ್ನ ಕಿವಿಯ ಪಕ್ಕದಿಂದ ಹಾರಿ ಗೋಡೆಯ ಕ್ಯಾಲೆಂಡರಿನಲ್ಲಿ ನಾಟಿತು. ಮೂರನೆಯದು ಹನ್ನೆರಡು ಸಲ ಕೆಲಸ ಮಾಡಿ, ಅಪ್ಪನನ್ನು ಕರೆದು ತೋರಿಸುವಾಗ ಮುರಿಯಿತು. ಅಪ್ಪ ಎದ್ದು ಒಳಗೆ ಹೋದರು. ಹೀಗೆ ನಾಲ್ಕು ವರ್ಷ ಹೋಯಿತು.

ಐದನೆಯ ವರ್ಷ ಮೈಸೂರಿನಲ್ಲಿ ಹಳೇ ಕೋವಿಗಳ ವ್ಯಾಪಾರಿಯೊಬ್ಬ ಇದ್ದಾನೆಂದು ಕೇಳಿ ದೇಚು ಹೋದಳು. ಇಡೀ ದಿನ ನೆಲದ ಮೇಲೆ ಕೂತು ತುಕ್ಕಿನ ಪೆಟ್ಟಿಗೆ ಕೆದಕಿ, ಅಳತೆಗೆ ಸರಿಯಾದ ಲಾಕ್ ಒಂದನ್ನು ಹುಡುಕಿದಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಮನೆಯಲ್ಲಿ ಕೋವಿಯ ಪಕ್ಕ ಹಿಡಿದು ನೋಡಿದರೆ, ಅದು ಬಲಗಡೆಯ ಲಾಕ್. ಪೆಟ್ಟಿಗೆಯಲ್ಲಿ ಅದು ಒಂಟಿಯಾಗಿ ಬಿದ್ದಿತ್ತು, ಖುಷಿಯಲ್ಲಿ ಯಾವ ಕಡೆಯದೆಂದು ಯೋಚಿಸಲೇ ಇಲ್ಲ ಎಂದಳು. ಹನ್ನೆರಡು ಸ್ಕ್ರೂಡ್ರೈವರಿನ ಒಡತಿ, ಸೂಜಿಯ ಕಣ್ಣು ಯಾವ ಕಡೆ ಎಂದು ಕತ್ತಲಲ್ಲಿ ಹೇಳುವವಳು, ಬಲಗಾಲಿಗೇ ಇನ್ನೊಂದು ಚಪ್ಪಲಿ ತಂದಿದ್ದಳು.

ನನಗೆ ತಡೆಯಲಾಗಲಿಲ್ಲ. "ಸಾಕು ಮಾರಾಯ್ತಿ. ಮನೆ ತುಂಬಾ ತುಕ್ಕು, ಬಟ್ಟೆ ತುಂಬಾ ಎಣ್ಣೆ. ಅಪ್ಪ ಗಟ್ಟಿಯಾಗಿದ್ದಾರೆ, ನಿನ್ನ ಹುಚ್ಚಿಗೆ ನಾನೇ ಮೊದ್ಲು ಹೋಗ್ತೇನೆ. ಆ ಕೋವಿ ತಗೊಂಡು ಬಾವಿಗೆ ಹಾಕು."

"ಕೂಗ್ಬೇಡಿ. ಸ್ಕ್ರೂ ಉರುಳ್ತದೆ."

ನಾನು ಪೇಪರನ್ನು ಕಾಲಿನಲ್ಲಿ ಒದ್ದೆ. ಒದ್ದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ದೇಚು ಮಂಚದ ಅಡಿ, ಅಕ್ಕಿ ಡಬ್ಬದ ಹಿಂದೆ, ಬಾಗಿಲ ಸಂದಿಯಲ್ಲಿ ಹುಡುಕಿ ಒಂದೊಂದು ಸ್ಕ್ರೂವನ್ನೂ ಅದರ ಪೆನ್ಸಿಲ್ ಗೆರೆಯೊಳಗೆ ವಾಪಸ್ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಆವತ್ತು ಟ್ರಿಗರ್ ಒತ್ತಿದ್ದು ನೀವು ಅಂತ ಕೋಪ, ಅಲ್ವಾ? ಅದು ನಿಮ್ಮ ತಪ್ಪಲ್ಲ. ಸ್ಪ್ರಿಂಗಿನ ತಪ್ಪು."

ಐದು ವರ್ಷದಿಂದ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಎರಡು ವರ್ಷ ಮತ್ತೆ ಹಾಗೇ ಹೋಯಿತು. ಒಂದು ದಿನ ಮೊಯ್ದು ಕಾಕ ನಳಿಗೆ ಪರೀಕ್ಷೆ ಮಾಡಲು ಇಡೀ ಕೋವಿಯನ್ನೇ ತರಲು ಹೇಳಿದ್ದರು. ಅಲ್ಲಿಯವರೆಗೆ ಅವರು ನೋಡಿದ್ದು ಬರೀ ಲಾಕನ್ನು. ನಡುಪಟ್ಟಿಯ ಮೇಲಿನ ಚಿನ್ನದ ಅಂಕಿ ಕಂಡ ಕೂಡಲೇ ಕಾಕ ಹಣೆ ಚಚ್ಚಿಕೊಂಡರು. "ಮೋಳೇ, ಇದನ್ನ ಯಾಕೆ ಮೊದ್ಲೇ ತೋರಿಸ್ಲಿಲ್ಲ? ಇದು ಜೋಡಿ ಕೋವಿ. ಒಂದು ಅಂತ ಬರೆದಿದ್ರೆ ಎರಡು ಅಂತ ಬರೆದದ್ದು ಎಲ್ಲೋ ಇದೆ. ಒಬ್ಬನೇ ಮೇಸ್ತ್ರಿ, ಒಂದೇ ಅಳತೆ. ಅದರ ಲಾಕ್ ಇದಕ್ಕೆ ಕೂರ್ತದೆ."

ದೇಚು ಓಡಿ ಬಂದು ಅಪ್ಪನನ್ನು ಕೇಳಿದಳು. ಅಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಎರಡನೇದಾ? ಅದು ತೋಟದಲ್ಲಿ ಲೆಕ್ಕ ಬರೀತಿದ್ದ ರೈಟರ್ ಉತ್ತಯ್ಯನ ಹತ್ರ ಹೋಯ್ತು. ಬಿಳಿ ದೊರೆ ಊರು ಬಿಡುವಾಗ ಒಂದೇ ಪೆಟ್ಟಿಗೆಯಲ್ಲಿ ಎರಡಿತ್ತು. ಒಂದು ನಮ್ಮಪ್ಪ ತಗೊಂಡ್ರು, ಇನ್ನೊಂದು ಅವನು. ಸುಂಟಿಕೊಪ್ಪದ ಕಡೆಯವ. ನಂಗಾಗ ಹತ್ತು ವರ್ಷ."

"ಏಳು ವರ್ಷದಿಂದ ಹುಡುಕ್ತಾ ಇದ್ದೇನೆ ಮಾವ. ಒಂದು ಮಾತು ಹೇಳ್ಬಾರದಿತ್ತಾ?"

"ನೀವು ಕೇಳಿದ್ದು ಸ್ಪ್ರಿಂಗು. ಉತ್ತಯ್ಯನ ಬಗ್ಗೆ ಯಾರು ಕೇಳಿದ್ರು?"

ಸುಂಟಿಕೊಪ್ಪ ನನ್ನ ಬಸ್ಸಿನ ದಾರಿಯಲ್ಲೇ ಇದೆ. ನಾನು ಟಿಕೆಟ್ ಹರಿಯುತ್ತ ನಾಲ್ಕಾರು ಜನರನ್ನು ಕೇಳಿದೆ, ಸುಳಿವು ಸಿಗಲಿಲ್ಲ. ನಾನು ಕೇಳುವ ರೀತಿ ಸರಿಯಿಲ್ಲ ಎಂದು ಒಂದು ಸೋಮವಾರ ದೇಚು ತಾನೇ ಬಸ್ ಹತ್ತಿದಳು. ಮಡಿಕೇರಿ ದಾಟಿದ ಮೇಲೆ ಸೀಟು ಬಿಟ್ಟು ಎದ್ದು ನಿಂತು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು, "ತೋಟದಲ್ಲಿ ರೈಟರ್ ಆಗಿದ್ದ ಉತ್ತಯ್ಯನ ಮನೆಯವರು ಯಾರಿಗಾದ್ರೂ ಗೊತ್ತಾ? ಅವರ ಹತ್ರ ಎರಡು ಅಂತ ಬರೆದ ಹಳೇ ಕೋವಿ ಉಂಟು."

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಹಿಂದಿನ ಸೀಟಿನವನೊಬ್ಬ ನನ್ನನ್ನು ತಿವಿದ. "ಕಂಡಕ್ಟ್ರೇ, ಅಮ್ಮ ಟಿಕೆಟ್ ತಗೊಂಡಿದ್ದಾರಾ ನೋಡಿ. ಯಾಕೋ ಅನುಮಾನ."

"ತಗೊಂಡಿದ್ದಾರೆ," ಎಂದೆ. "ಜೀವಮಾನಕ್ಕೆ."

ಹಾಗೆ ಅವಳು ಎಂಟು ಸೋಮವಾರ ಬಂದಳು. ಎಂಟನೆಯ ಸಲ, ಹಲಸಿನಹಣ್ಣು ಹೊತ್ತುಕೊಂಡು ಹತ್ತಿದ ಮುದುಕನೊಬ್ಬ ಹೇಳಿದ, "ಉತ್ತಯ್ಯನ ಸೊಸೆ ಚಿಣ್ಣವ್ವ ಇದ್ದಾಳಲ್ಲ. ಅವರ ಗೋಡೆಯಲ್ಲಿ ಒಂದು ಒಡೆದ ಕೋವಿ ನೋಡಿದ್ದೇನೆ."

ಚಿಣ್ಣವ್ವನಿಗೆ ಆಗ ಎಂಬತ್ತೆರಡು. ಒಣಕಲು ಮೈ, ಚುರುಕು ಕಣ್ಣು. ಅವರ ಕೋವಿಯ ಮೂತಿಗೆ ಯಾವ ಕಾಲದಲ್ಲೋ ಮಣ್ಣು ಮೆತ್ತಿಕೊಂಡದ್ದನ್ನು ನೋಡದೆ ಹೊಡೆದು, ನಳಿಗೆಯ ತುದಿ ಬಾಳೆಹಣ್ಣಿನ ಸಿಪ್ಪೆಯಂತೆ ಬಿರಿದಿತ್ತು. ಆದರೆ ಎರಡೂ ಲಾಕ್ ಚೆನ್ನಾಗಿದ್ದವು, ಹ್ಯಾಮರು ಎಳೆದರೆ ಗಂಟೆಯ ಹಾಗೆ ಸದ್ದು ಮಾಡುತ್ತಿದ್ದವು. ನಡುಪಟ್ಟಿಯ ಮೇಲೆ ಚಿನ್ನದಲ್ಲಿ 2. ದೇಚು ಆ ಅಂಕಿಯ ಮೇಲೆ ಬೆರಳಾಡಿಸಿದ್ದನ್ನು ನೋಡಿ ಚಿಣ್ಣವ್ವ ಕೋವಿಯನ್ನು ಕಿತ್ತುಕೊಂಡು ಗೋಡೆಗೆ ವಾಪಸ್ ಹಾಕಿದರು.

"ಕೊಡೋದಿಲ್ಲ. ಒಡೆದಿದ್ರೂ ಮನೆ ಕೋವಿ. ಕಾಫಿ ಕುಡಿದು ಹೋಗು."

ದೇಚು ಕಾಫಿ ಕುಡಿದು ಬಂದಳು. ಮುಂದಿನ ತಿಂಗಳು ಮತ್ತೆ ಹೋದಳು. ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಹೊಲಿಗೆ ಮಿಷನ್ನನ್ನು ಪೇಪರಿನ ಮೇಲೆ ಬಿಚ್ಚಿ, ಸಂಜೆಯೊಳಗೆ ಓಡುವಂತೆ ಮಾಡಿ, ಕೋವಿಯ ಸುದ್ದಿ ಎತ್ತದೆ ಬಂದಳು. ಮೂರನೆಯ ಸಲ ಮಿಷನ್ನಿಗೆ ಎಣ್ಣೆ ಹಾಕಿ ಬಂದಳು. ನಾಲ್ಕನೆಯ ಸಲ ನನ್ನನ್ನೂ ಕರೆದುಕೊಂಡು ಹೋದಳು. ಚಿಣ್ಣವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅವಳಿ ಈಡು ಹೊಡೆದವ ಇವನೇನಾ? ಇಲ್ಲೀವರೆಗೂ ಬಂದಿತ್ತು ಆ ಕಥೆ. ನಾವೂ ನಕ್ಕಿದ್ದೆವು."

ನನ್ನ ಕಿವಿ ಬಿಸಿಯಾಯಿತು. ಚಿಣ್ಣವ್ವ ಕಾಫಿ ಲೋಟ ನನ್ನ ಕಡೆ ತಳ್ಳಿ, "ನಗಬಾರದಿತ್ತು," ಎಂದರು. ಆಮೇಲೆ ದೇಚುವಿನ ಕಡೆ ತಿರುಗಿದರು. "ನನ್ನ ಗಂಡ ಹೋದಾಗ ಇದು ಹೀಗೇ ಒಡೆದು ಕೂತಿತ್ತು. ಪಕ್ಕದ ಮನೆಯವನನ್ನ ಕಾಡಿ ಬೇಡಿ ಕರ್ಕೊಂಡು ಬಂದೆ. ನನಗೆ ಯಾರು ಹೊಡೀತಾರೆ? ನನ್ನ ಮಗ ಪಟಾಕಿ ಸದ್ದಿಗೆ ಮಂಚದಡಿ ಸೇರ್ತಾನೆ. ನಾನು ಸತ್ರೆ ಮೊಬೈಲಲ್ಲಿ ಫೋಟೋ ಹಾಕಿ ಕೈ ಮುಗೀತಾನೆ, ಅಷ್ಟೆ. ಎಡಗಡೆದು ಕೊಡ್ತೇನೆ. ಆದ್ರೆ ನಾನು ಹೋದ ದಿನ ನಿನ್ನ ಕೋವಿ ತಗೊಂಡು ಇಲ್ಲಿಗೆ ಬಂದು ಎರಡೂ ಹೊಡೀಬೇಕು. ನೀನೇ ಹೊಡೀಬೇಕು, ಇವನಲ್ಲ."

"ಹೊಡೀತೇನೆ," ಎಂದಳು ದೇಚು. ಈ ಸಲ 'ನೋಡುವ' ಎನ್ನಲಿಲ್ಲ.

"ಅಷ್ಟು ದೂರದಿಂದ ಹೇಗೆ ಬರ್ತೀಯ?"

"ಬಸ್ಸುಂಟು. ಕಂಡಕ್ಟರ್ ನಮ್ಮವರೇ."

ಕಾಗದಪತ್ರಗಳನ್ನೆಲ್ಲ ಮೊಯ್ದು ಕಾಕ ಸರಿಯಾಗಿ ಮಾಡಿಸಿದರು, ಕಚೇರಿ ಅಲೆದಾಟಕ್ಕೇ ಎರಡು ವರ್ಷ ಹಿಡಿಯಿತು. ವಿಷಯ ಕೇಳಿದ ಅಪ್ಪ ಮಾತ್ರ ಹುಬ್ಬು ಗಂಟಿಕ್ಕಿದರು. "ಅಂದ್ರೆ ನಾನೂ ಆ ಮುದುಕಿಯೂ ಒಂದೇ ಕೋವಿಗೆ ಕ್ಯೂ ನಿಂತಿದ್ದೇವಾ?"

"ಹೌದು ಮಾವ."

"ಹೆಂಗಸರಿಗೆ ಮೊದ್ಲು ಅಂತ ಇವನ ಬಸ್ಸಲ್ಲಿ ಇರ್ಬಹುದು. ಇಲ್ಲಿ ನಾನು ಮೊದ್ಲು."

ಒಂದೇ ಅಳತೆ ಎಂದರೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇತ್ತು. ಕಾಕ ಹೇಳಿಕೊಟ್ಟ ಹಾಗೆ ದೇಚು ಲಾಕನ್ನು ಸೀಮೆಎಣ್ಣೆ ದೀಪದ ಹೊಗೆಗೆ ಹಿಡಿದು ಕಪ್ಪು ಮಾಡಿ, ಕೋವಿಯ ಮರದ ಗುಳಿಯಲ್ಲಿ ಕೂರಿಸಿ, ಮೆಲ್ಲಗೆ ತೆಗೆಯುತ್ತಿದ್ದಳು. ಮಸಿ ಎಲ್ಲಿ ಅಂಟಿದೆಯೋ ಅಲ್ಲಿ ಮರ ತಾಗುತ್ತಿದೆ ಎಂದರ್ಥ. ಅಷ್ಟನ್ನೇ ಕೆರೆದು ಮತ್ತೆ ಹೊಗೆ ಹಿಡಿಯುವುದು. ಹನ್ನೊಂದು ದಿನ ಇದೇ ನಡೆಯಿತು. ಸೊಸೆಯ ಮೂಗು, ಗಲ್ಲ ಎಲ್ಲ ಮಸಿಯಾದದ್ದನ್ನು ನೋಡಿ ಅಪ್ಪ ಕರಡಿ ಎಂದು ಕರೆಯತೊಡಗಿದರು. ಹನ್ನೆರಡನೆಯ ದಿನ ಲಾಕ್ ಒಳಗೆ ಹೋಗಿ ಕೂತಿತು, ಸಂದಿಗೆ ಒಂದು ಎಳೆ ನೂಲೂ ತೂರುವಂತಿರಲಿಲ್ಲ.

ಈಗ ಪರೀಕ್ಷೆ ಮಾಡಬೇಕಲ್ಲ. ಅಂಗಳದಲ್ಲಿ ಎರಡು ಈಡು ಒಟ್ಟಿಗೆ ಹೊಡೆದರೆ ಊರು ಅಳುತ್ತ ಬರುತ್ತದೆ. ಒಂದು ಹೊಡೆದರೆ ಯಾರು ಹೆತ್ತರು ಎಂದು ಕೇಳುತ್ತದೆ. ನಾನು ಸುತ್ತಲಿನ ಎಂಟು ಮನೆಗೂ ಫೋನ್ ಮಾಡಿ, ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ ಎಂದು ಹೇಳಿದ ಮೇಲೆ ದೇಚು ಎಡಗಡೆಯದನ್ನು ಒಂದೇ ಸಲ ಹೊಡೆದಳು. ಸದ್ದು ಬಂತು. ಆದರೂ ಪಳಂಗಣ್ಣ ಬೇಲಿಯ ಮೇಲೆ ತಲೆ ಹಾಕಿದ. "ನಿಜವಾಗ್ಲೂ ಯಾರಿಗೂ ಹುಟ್ಟಿಲ್ವಾ?"

ಎರಡನ್ನೂ ಒಂದರ ಹಿಂದೆ ಒಂದು ಹೊಡೆದು ನೋಡಲು ಆಯುಧಗಳನ್ನು ಪೂಜಿಸಿ ಎಲ್ಲರೂ ಈಡು ಹೊಡೆಯುವ ಕೈಲ್‌ಪೊದ್ ಹಬ್ಬವೇ ಬರಬೇಕಿತ್ತು. ಆ ಸೆಪ್ಟೆಂಬರಿನಲ್ಲಿ ಕೋವಿಯನ್ನು ಒರೆಸಿ, ಗಂಧ ಹಚ್ಚಿ, ತೋಕ್‌ಪೂ ಎಂಬ ಕೋವಿಹೂ ಸಿಕ್ಕಿಸಿ ದೀಪದ ಮುಂದಿಟ್ಟು, ಪೂಜೆಯಾದ ಮೇಲೆ ಊರವರು ಸೇರುವ ಮಂದ್ ಎಂಬ ಬಯಲಿಗೆ ಹೊರಟೆವು. ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿತ್ತು. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದರು. ಹಳೇ ನಳಿಗೆಗೆ ಕಡಿಮೆ ಮದ್ದಿನ ತೋಟೆಯೇ ಹಾಕಬೇಕೆಂದು ಕಾಕ ಹೇಳಿದ್ದರು, ಅದನ್ನೇ ತಂದಿದ್ದೆವು.

"ಹೊಲಿಗೆ ಮಿಷನ್ ಅಲ್ಲ ದೇಚಮ್ಮ, ಪೆಡಲ್ ಒತ್ಬೇಡ," ಎಂದ ಯಾರೋ.

ದೇಚು ಕಾಲು ಅಗಲಿಸಿ ನಿಂತು ಕೋವಿಯ ಹಿಂಬದಿಯ ಮರವನ್ನು ಭುಜಕ್ಕೆ ಒತ್ತಿಕೊಂಡಳು. ಬಲಗಡೆಯ ಈಡಿಗೆ ಕಾಯಿಯ ನಾರು ಹಾರಿತು. ನಾನು ಕಣ್ಣು ಮುಚ್ಚಿದೆ. ಹತ್ತು ವರ್ಷದಿಂದ ನನ್ನ ಕಿವಿಯಲ್ಲಿ ಕೂತಿದ್ದ ಆ ಟಕ್ ಈಗ ಬರುತ್ತದೆ ಎಂದುಕೊಂಡೆ. ಢಂ ಎಂದಿತು. ಕಣ್ಣು ಬಿಟ್ಟಾಗ ಕಾಯಿ ಹೋಳಾಗಿ, ನೀರು ಕೆಳಗೆ ನಿಂತವರ ತಲೆಯ ಮೇಲೆ ಸುರಿಯುತ್ತಿತ್ತು.

ಅಪ್ಪ, "ಇನ್ನೊಮ್ಮೆ," ಎಂದರು. ಹೊಡೆದಳು. "ಇನ್ನೊಮ್ಮೆ." ಐದು ಜೋಡಿ ಹೊಡೆಸಿದ ಮೇಲೆ ಕುರ್ಚಿಯಿಂದ ಎದ್ದರು. "ಸರಿ. ಇನ್ನು ನಾನು ಹೊರಡ್ಬಹುದು."

"ಅವಸರ ಏನೂ ಇಲ್ಲ ಮಾವ. ಮನೇಲಿ ಹಂದಿ ಸಾರು ಉಂಟು."

ಆ ದಿನ ಅಪ್ಪ ಹಂದಿ ಸಾರಿನಲ್ಲಿ ಎಂಟು ಕಡಂಬಿಟ್ಟಿನ ಉಂಡೆ ತಿಂದರು. ಮತ್ತೂ ಒಂದೂವರೆ ವರ್ಷ ಬದುಕಿದರು. ಪ್ರತಿ ತಿಂಗಳ ಮೊದಲ ದಿನ ದೇಚುವಿನ ಕೈಯಲ್ಲಿ ಕೋವಿ ತೆಗೆಸಿ, ಖಾಲಿ ತೋಟೆ ಹಾಕಿಸಿ, ಎಡ ಹ್ಯಾಮರು ಬಡಿಯುವ ಸದ್ದು ಕೇಳಿಸಿಕೊಳ್ಳುತ್ತಿದ್ದರು. ಚಿಣ್ಣವ್ವ ಇನ್ನೂ ಇದ್ದಾರಾ ಎಂದೂ ಕೇಳುತ್ತಿದ್ದರು. ಇದ್ದಾರೆ ಎಂದರೆ ಅವರ ಮುಖ ಅರಳುತ್ತಿತ್ತು.

ಹೋದ ವರ್ಷ ಫೆಬ್ರವರಿಯಲ್ಲಿ, ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟು ಗೋಡೆಗೆ ಒರಗಿದ ಅಪ್ಪ ಹಾಗೆಯೇ ಹೋದರು. ದೇಚು ಮೂಗಿನ ಬಳಿ ಕೈ ಹಿಡಿದು ನೋಡಿ, ಅವರ ಕಣ್ಣು ಮುಚ್ಚಿಸಿ, ಎದ್ದು ಕೋವಿ ಇಳಿಸಿದಳು. ಎರಡು ತೋಟೆ ಹಾಕಿ ನನ್ನ ಕೈಗೆ ಕೊಟ್ಟಳು. ಮಗ ನಾನು, ನಾನೇ ಹೊಡೆಯಬೇಕು.

ಅಂಗಳದಲ್ಲಿ ಅದೇ ಜಾಗದಲ್ಲಿ ನಿಂತೆ. ಎರಡೂ ಹ್ಯಾಮರು ಎಳೆದೆ. ಮುಂದಿನ ಟ್ರಿಗರ್ ಒತ್ತಿದೆ, ಬಲಗಡೆಯದು ಹೊಡೆಯಿತು. ಬೆರಳು ಹಿಂದಿನ ಟ್ರಿಗರಿಗೆ ಹೋಯಿತು, ಅಲ್ಲೇ ನಿಂತಿತು. ಒತ್ತಲು ಆಗಲಿಲ್ಲ. ನನ್ನ ಕಣ್ಣ ಮುಂದೆ ಗೇಟಿನಲ್ಲಿ ಬಿಲ್ಲು ಹಿಡಿದು ನಗುವ ಪಳಂಗಣ್ಣ, ಅವನ ಹಿಂದೆ ನಗುವ ಜನ. ಒತ್ತಿ ಟಕ್ ಎಂದರೆ ಮುಗಿಯಿತು, ಒತ್ತದೆ ತಡವಾದರೂ ಮುಗಿಯಿತು.

"ಒತ್ತಿ," ಎಂದಳು ದೇಚು ಹಿಂದಿನಿಂದ.

"ಆಗ್ತಾ ಇಲ್ಲ."

ಅವಳು ನನ್ನ ಬೆನ್ನಿಗೆ ಅಂಟಿ ನಿಂತು, ತೋಳು ಸುತ್ತಿ, ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಎಡ ನಳಿಗೆ ಢಂ ಎಂದಿತು. ಮೊದಲ ಸದ್ದು ಎದುರಿನ ಗುಡ್ಡಕ್ಕೆ ಬಡಿದು ವಾಪಸ್ ಬರುವ ಮೊದಲೇ ಎರಡನೆಯದು ಹೊರಟಿತ್ತು.

ನಾವು ಕೋವಿ ಹಿಡಿದು ಹಾಗೇ ನಿಂತಿದ್ದೆವು. ದಾರಿಯಲ್ಲಿ ಮೊದಲು ಕಂಡದ್ದು ಪಳಂಗಣ್ಣ. ಟೊಪ್ಪಿ ಇಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ, ಕೈ ಖಾಲಿ. ಗೇಟಿನ ಹತ್ತಿರ ಬಂದು ನಿಂತು, "ಎರಡೂ ಕೇಳ್ಸಿತು ಮಂದಣ್ಣ," ಎಂದ. "ಸರಿಯಾಗಿ ಕೇಳ್ಸಿತು." ಆಮೇಲೆ ಗೇಟಿನ ಕಂಬ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಅವನ ಹಿಂದೆ ಬಂದ ಒಬ್ಬರ ಮುಖದಲ್ಲೂ ನಗು ಇರಲಿಲ್ಲ. ಅಪ್ಪ ಸತ್ತ ದಿನ ಹೀಗೆ ಹೇಳಬಾರದು, ಆದರೆ ಆ ಅಳುವ ಮುಖಗಳನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅದಕ್ಕೇ ಇನ್ನಷ್ಟು ಅಳು ಬಂತು.

ಮರುದಿನ ಮಧ್ಯಾಹ್ನ ಸುಂಟಿಕೊಪ್ಪದಿಂದ ಫೋನ್ ಬಂತು. ಚಿಣ್ಣವ್ವನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಎರಡೂ ಹೊಡೀತಾ?"

"ಎರಡೂ ಹೊಡೀತು ಚಿಣ್ಣವ್ವ."

"ನಡುವೆ ಎಷ್ಟು ಹೊತ್ತು?"

"ಉಸಿರು ತೆಗೆಯುವಷ್ಟು."

ಆಮೇಲೆ ಚಿಣ್ಣವ್ವ ಹೇಳಿದರು, "ಪುಣ್ಯಾತ್ಮ, ಹೇಳಿದ ಹಾಗೇ ಮೊದ್ಲು ಹೋದ. ಇನ್ನು ನನ್ನ ಸರದಿ. ಕೋವಿ ಒರೆಸಿ ಎಣ್ಣೆ ಹಾಕಿ ಇಡು."

ದೇಚು ಫೋನಿಟ್ಟು ನೆಲದ ಮೇಲೆ ಪೇಪರ್ ಹಾಸಿದಳು. ಮೊದಲ ಸ್ಕ್ರೂ ತೆಗೆದು ಪೆನ್ಸಿಲಿಗಾಗಿ ಅತ್ತಿತ್ತ ನೋಡಿದಳು. ನಾನು ಪಕ್ಕದಲ್ಲಿ ಕೂತು, ಸ್ಕ್ರೂ ಉರುಳದ ಹಾಗೆ ಅಂಗೈಯಲ್ಲಿ ಹಿಡಿದುಕೊಂಡೆ.